ಒಪ್ಪಂದದ ಜಾಡಿನಲ್ಲಿ ಒಂಬತ್ತು ದಿನ

ಮೊದಲ ದಿನ, ಇಸ್ತಾಂಬುಲ್

ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ್ದೇನೆ. ಮೊದಲ ಮಹಾಯುದ್ಧದ ನಂತರದ ಒಪ್ಪಂದಗಳಲ್ಲಿ, ಟರ್ಕಿಯೊಡನೆ ಆದ ಲೋಸಾನ್ ಒಪ್ಪಂದಕ್ಕೆ ಪಠ್ಯಪುಸ್ತಕ ಕೊಟ್ಟದ್ದು ಎರಡು ಸಾಲು. ನಾನೂ ಎರಡು ಸಾಲಿನಲ್ಲೇ ಮುಗಿಸುತ್ತಿದ್ದೆ. ನಿವೃತ್ತಳಾದ ಮೇಲೆ ಅದರ ಜೊತೆಗಿದ್ದ ಇನ್ನೊಂದು ಕಾಗದವನ್ನು ಓದಿದೆ. ಗ್ರೀಸ್ ಮತ್ತು ಟರ್ಕಿ 1923ರ ಜನವರಿ 30ರಂದು ಸಹಿ ಹಾಕಿದ ಜನವಿನಿಮಯದ ಕರಾರು ಅದು. ಟರ್ಕಿಯ ನೆಲದಲ್ಲಿ ನೆಲೆಸಿರುವ ಗ್ರೀಕ್ ಆರ್ಥಡಾಕ್ಸ್ ಧರ್ಮದ ಟರ್ಕಿ ಪ್ರಜೆಗಳನ್ನೂ ಗ್ರೀಸಿನ ನೆಲದಲ್ಲಿ ನೆಲೆಸಿರುವ ಮುಸ್ಲಿಂ ಧರ್ಮದ ಗ್ರೀಕ್ ಪ್ರಜೆಗಳನ್ನೂ ಕಡ್ಡಾಯವಾಗಿ ಅದಲುಬದಲು ಮಾಡಬೇಕು ಎಂದು ಅದರ ಮೊದಲನೆಯ ಕಲಮು ಹೇಳುತ್ತದೆ. ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬ ಮಾತು ಅಲ್ಲಿಲ್ಲ. ಹೋಗಲು ಇಷ್ಟವಿದೆಯೇ ಎಂದು ಕೇಳುವ ಸಾಲೂ ಇಲ್ಲ. ಸುಮಾರು 12 ಲಕ್ಷ ಕ್ರೈಸ್ತರಿಗೆ ಈ ಕರಾರು ಅನ್ವಯಿಸಿತು. ಅವರಲ್ಲಿ ಹೆಚ್ಚಿನವರು 1922ರ ಗ್ರೀಸ್-ಟರ್ಕಿ ಯುದ್ಧಕ್ಕೆ ಹೆದರಿ ಆಗಲೇ ಓಡಿಹೋಗಿದ್ದರು, ಅವರು ಮರಳಿ ಬರುವ ದಾರಿಯನ್ನು ಕರಾರು ಮುಚ್ಚಿತು. ಈ ಕಡೆಗೆ ಬಂದ ಮುಸ್ಲಿಮರು ಮೂರೂವರೆ ಲಕ್ಷಕ್ಕೂ ಹೆಚ್ಚು.

ನಾಡು ಎಂದ ಕೂಡಲೇ ನುಡಿಯನ್ನೂ ಸೇರಿಸಿ ನಾಡುನುಡಿ ಎಂದು ಒಂದೇ ಉಸಿರಿನಲ್ಲಿ ಹೇಳುವವರು ನಾವು. ನುಡಿಯನ್ನು ಕೇಳದೆಯೇ ನಾಡನ್ನು ನಿಗದಿ ಮಾಡಿದ ಆ ಕಾಗದ ನನ್ನನ್ನು ಬಹಳ ದಿನ ಕಾಡಿತು. ಅದರ ದಾರಿಯಲ್ಲಿ ಒಮ್ಮೆ ನಡೆದು ಬರುತ್ತೇನೆ ಎಂದಾಗ ಮಗಳು, 'ನಾನೂ ಬರುತ್ತೇನೆ ಅಮ್ಮ' ಎಂದಳು.

ಮಧ್ಯಾಹ್ನ ಆಯಾ ಸೋಫಿಯಾಕ್ಕೆ ಹೋದೆವು. 537ರಲ್ಲಿ ಚರ್ಚು, 1453ರಲ್ಲಿ ಮಸೀದಿ, 1934ರ ನಿರ್ಣಯದಂತೆ ವಸ್ತುಸಂಗ್ರಹಾಲಯ, 2020ರಲ್ಲಿ ಮತ್ತೆ ಮಸೀದಿ. ಹೀಗೆ ಮತ್ತೆ ಮಸೀದಿಯಾದ ಮೇಲಿನ ಮೊದಲ ಶುಕ್ರವಾರದ ನಮಾಜು ನಡೆದದ್ದು ಜುಲೈ 24ರಂದು. ಲೋಸಾನ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1923ರ ಅದೇ ಜುಲೈ 24ರಂದು. ಪ್ರವಾಸಿಗಳನ್ನು ಈಗ ಮೇಲಿನ ಅಂತಸ್ತಿಗೆ ಮಾತ್ರ ಬಿಡುತ್ತಾರೆ. ಅಲ್ಲಿಂದ ಕೆಳಗೆ ನೋಡಿದರೆ ಹಾಸುಗಂಬಳಿಯ ಮೇಲೆ ಮಕ್ಕಳು ಓಡಾಡುತ್ತಿದ್ದವು, ಒಬ್ಬ ಮುದುಕರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಪ್ರಾರ್ಥನೆಗೆ ಬಂದವರ ಭಕ್ತಿಯ ಬಗ್ಗೆ ನನ್ನಲ್ಲಿ ಗೌರವವಿದೆ. ಆದರೆ ಒಂದು ಕಟ್ಟಡದ ಬಾಗಿಲನ್ನು ಯಾರಿಗೆ ಯಾವಾಗ ತೆರೆಯಬೇಕೆಂಬುದು ದೇಶದ ಸಾರ್ವಭೌಮತ್ವದ ಗುರುತಾದಾಗ ದೇವರ ಹೆಸರು ಸರ್ಕಾರದ ಮೊಹರಾಗಿಬಿಡುತ್ತದೆ. ಅದು ನನಗೆ ಸಂಕಟ ತಂದಿತು.

ಎರಡನೆಯ ದಿನ, ಫೆನೆರ್ ಮತ್ತು ಬಾಲಿಕ್ಲಿ

ಇಸ್ತಾಂಬುಲಿನೊಳಗೆ ಚಾಚಿದ ಗೋಲ್ಡನ್ ಹಾರ್ನ್ ಎಂಬ ಕಡಲತೋಳಿನ ಅಂಚಿನ ಫೆನೆರ್ ಬಡಾವಣೆಯಲ್ಲಿ ಆರ್ಥಡಾಕ್ಸ್ ಕ್ರೈಸ್ತರ ಪರಮಗುರುಗಳ ಪೀಠವಿದೆ. ಅದರ ನಡುವಿನ ಹೆಬ್ಬಾಗಿಲು 1821ರಿಂದ ಮುಚ್ಚಿದೆ. ಗ್ರೀಸಿನಲ್ಲಿ ಸ್ವಾತಂತ್ರ್ಯದ ದಂಗೆ ಎದ್ದ ವರ್ಷ ಈಸ್ಟರ್ ದಿನ ಆಗಿನ ಪರಮಗುರು ಐದನೆಯ ಗ್ರೆಗೊರಿಯವರನ್ನು ಅದೇ ಬಾಗಿಲಿಗೆ ನೇಣು ಹಾಕಿದ್ದರು. ದಂಗೆಯನ್ನು ಖಂಡಿಸಿ ಬಹಿಷ್ಕಾರದ ಪತ್ರ ಹೊರಡಿಸಿದ್ದವರೂ ಅವರೇ. ತಮ್ಮ ಧರ್ಮದವರು ದಂಗೆ ಎದ್ದರೆ ಅದಕ್ಕೆ ಅವರೇ ಹೊಣೆ ಎಂಬುದು ಸುಲ್ತಾನನ ಲೆಕ್ಕ. ಯಾಕೆಂದರೆ ಆಟೊಮನ್ ಆಡಳಿತ ಪ್ರಜೆಗಳನ್ನು ಧರ್ಮದ ಪ್ರಕಾರ 'ಮಿಲ್ಲೆತ್'ಗಳಾಗಿ ನೋಡುತ್ತಿತ್ತು, ಪ್ರತಿ ಮಿಲ್ಲೆತ್ತಿಗೆ ಅದರ ಧರ್ಮಗುರುವೇ ಯಜಮಾನ. ಈ ಪದದ ಮುಂದಿನ ಕಥೆ ಕೇಳಬೇಕು. ಇಂದಿನ ಟರ್ಕಿಶ್ ಭಾಷೆಯಲ್ಲಿ ಮಿಲ್ಲೆತ್ ಎಂದರೆ ರಾಷ್ಟ್ರ. ಅಂಕಾರಾದ ಸಂಸತ್ತಿನ ಹೆಸರಿನಲ್ಲೇ ಅದು ಇದೆ. ಧರ್ಮದ ಗುಂಪಿಗೆ ಇದ್ದ ಮಾತೇ ರಾಷ್ಟ್ರಕ್ಕೂ ಸಾಕಾಯಿತು. 1923ರ ಕರಾರಿನ ಬೀಜ ನನಗೆ ಆ ಒಂದು ಪದದಲ್ಲೇ ಕಾಣುತ್ತದೆ.

ಆದರೆ ಸ್ವಲ್ಪ ದೂರ ನಡೆದರೆ ಇದೇ ದಂಡೆಯ ಮೇಲೆ ಇನ್ನೊಂದು ಚರ್ಚು ಬೇರೆಯ ಕಥೆ ಹೇಳುತ್ತದೆ. ಸಂತ ಸ್ಟೀಫನ್ ಚರ್ಚು ಪೂರ್ತಿ ಕಬ್ಬಿಣದ್ದು. ಬಿಡಿಭಾಗಗಳನ್ನು ವಿಯೆನ್ನಾದಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದು ಜೋಡಿಸಿದರು, 1898ರಲ್ಲಿ ತೆರೆದರು. ಕಟ್ಟಿಸಿಕೊಂಡವರು ಬಲ್ಗೇರಿಯನ್ನರು. ಅವರೂ ಆರ್ಥಡಾಕ್ಸರೇ, ಫೆನೆರ್‌ನ ಪೀಠಕ್ಕೇ ಸೇರಿದ್ದವರು. ಪೂಜೆ ಗ್ರೀಕಿನಲ್ಲಿ ಬೇಡ, ನಮ್ಮ ಪಾದ್ರಿಗಳು ನಮ್ಮವರೇ ಇರಲಿ ಎಂದು ಹಟ ಹಿಡಿದರು, 1870ರಲ್ಲಿ ಸುಲ್ತಾನನಿಂದ ಬೇರೆ ಪೀಠದ ಅಪ್ಪಣೆ ಪಡೆದರು. ಎರಡು ವರ್ಷಗಳ ನಂತರ ಇದೇ ನಗರದಲ್ಲಿ ಸೇರಿದ ಧರ್ಮಸಭೆ, ಚರ್ಚನ್ನು ಜನಾಂಗದ ಆಧಾರದ ಮೇಲೆ ಒಡೆಯುವುದು ಧರ್ಮಬಾಹಿರ ಎಂದು ತೀರ್ಪು ಕೊಟ್ಟಿತು. ಅಂದರೆ ಒಂದೇ ಧರ್ಮ ಸಾಲಲಿಲ್ಲ. ಅಲ್ಲಿ ಭಾಷೆ ಎದ್ದು ನಿಂತು ತನ್ನ ಪಾಲು ಕೇಳಿತು. ಈ ಕಬ್ಬಿಣದ ಗೋಡೆಗಳ ಮುಂದೆ ನಿಂತಾಗ ನನ್ನ ಮನಸ್ಸು ಬಲ್ಗೇರಿಯನ್ನರ ಕಡೆಗೇ ವಾಲಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಸಂಜೆ ಹಳೆಯ ಕೋಟೆಗೋಡೆಯ ಹೊರಗಿರುವ ಬಾಲಿಕ್ಲಿ ಮಠಕ್ಕೆ ಹೋದೆವು. ಅದರ ಅಂಗಳಕ್ಕೆ ಹಾಸಿರುವುದು ಗೋರಿಕಲ್ಲುಗಳು. ಕೆಲವು ಕಲ್ಲುಗಳ ಮೇಲೆ ಸತ್ತವರ ಕಸುಬಿನ ಸಾಧನಗಳ ಕೆತ್ತನೆ. ಅಕ್ಷರ ಗ್ರೀಕ್, ಆದರೆ ಎಷ್ಟೋ ಕಲ್ಲುಗಳ ಮೇಲಿನ ಮಾತು ಟರ್ಕಿಶ್. ಒಳನಾಡಿನಿಂದ ದುಡಿಯಲು ಬಂದು ಇಲ್ಲಿ ಸತ್ತ ಕರಮಾನ್ಲಿ ಕ್ರೈಸ್ತರ ಕಲ್ಲುಗಳಿವು. ಟರ್ಕಿಶ್ ಅವರ ತಾಯಿನುಡಿ, ಬರೆಯಲು ಗ್ರೀಕ್ ಲಿಪಿ. ಈ ಲಿಪಿಯಲ್ಲಿ ಬೈಬಲ್ ಇತ್ತು, 'ಅನಾತೋಲಿ' ಎಂಬ ಪತ್ರಿಕೆ ಇತ್ತು. ಕೊಂಕಣಿಯನ್ನು ಹಲವು ಲಿಪಿಗಳಲ್ಲಿ ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ. 'ಹಾಗಾದರೆ ಇವರನ್ನು ಯಾವ ಕಡೆಗೆ ಹಾಕಿದರು ಅಮ್ಮ?' ಎಂದು ಮಗಳು ಕೇಳಿದಳು. ಗ್ರೀಸಿಗೆ ಎಂದೆ. ಅವಳು ಕೈಚೀಲದಿಂದ ಒಂದು ಪುಟ್ಟ ನೋಟುಪುಸ್ತಕ ತೆಗೆದು ಬರೆದಳು: 'ಕರಮಾನ್ಲಿಗಳು, ಮನೆಮಾತು ಟರ್ಕಿಶ್.' ಮುಂದೆ ಪ್ರತಿ ಊರಿನಲ್ಲೂ ಹೀಗೆ ಒಂದು ಸಾಲು ಬರೆಯುತ್ತೇನೆ ಎಂದಳು.

ಮೂರನೆಯ ದಿನ, ಗ್ಯುಜೆಲ್ಯುರ್ತ್

ರಾತ್ರಿಯಿಡೀ ಬಸ್ಸು, ಬೆಳಗ್ಗೆ ಅಕ್ಸರಾಯ್, ಅಲ್ಲಿಂದ ಮಿನಿಬಸ್ಸು. ಕಪದೋಕಿಯಾದ ಬಲೂನುಗಳನ್ನು ನೋಡಲು ಬರುವ ಜನ ಈ ಊರಿಗೆ ಕಡಿಮೆ. ಹಿಂದಿನ ಹೆಸರು ಗೆಲ್ವೆರಿ. ಕ್ರೈಸ್ತರು ಕರ್ವಾಲಿ ಎಂದೂ ಕರೆಯುತ್ತಿದ್ದರು. ಟರ್ಕಿಶ್ ಮಾತನಾಡುವ ಆರ್ಥಡಾಕ್ಸರ ಊರು. ಕಣಿವೆಯ ಮೇಲಿರುವ ಸಂತ ಗ್ರೆಗೊರಿಯ (ಫೆನೆರ್‌ನ ಗ್ರೆಗೊರಿ ಬೇರೆ) ಚರ್ಚು ಈಗ ಮಸೀದಿ, ಊರವರ ಬಾಯಲ್ಲಿ 'ಚರ್ಚು-ಮಸೀದಿ'. ಗಂಟೆಗೋಪುರವನ್ನೇ ಮಿನಾರು ಮಾಡಿದ್ದಾರೆ. ಒಳಗೆ ಸುಣ್ಣ ಬಳಿದ ಗೋಡೆ, ಹಾಸುಗಂಬಳಿ, ತಂಪು.

ಮಸೀದಿಯ ಪಕ್ಕದ ಚಹಾದಂಗಡಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ನಮ್ಮನ್ನು ಕೂರಿಸಿಕೊಂಡರು. ಮಗಳ ಮೊಬೈಲು ಅನುವಾದಿಸುತ್ತಿತ್ತು. ಅವರ ಅಜ್ಜ ಬಂದದ್ದು ಗ್ರೀಸಿನ ಕೊಜಾನಿ ಕಡೆಯಿಂದ. ಹೀಗೆ ಬಂದವರಿಗೆ ಇಲ್ಲಿ 'ಮುಬಾದಿಲ್' ಎನ್ನುತ್ತಾರೆ, ಬದಲಾಗಿ ಬಂದವರು ಎಂದರ್ಥ. ಗೆಲ್ವೆರಿಯವರು ಹೊರಟದ್ದು 1924ರಲ್ಲಿ. ಅಜ್ಜನ ಕುಟುಂಬ ಬಂದಾಗ ಮನೆಯವರು ಇನ್ನೂ ಹೊರಟಿರಲಿಲ್ಲವಂತೆ, ಎರಡು ತಿಂಗಳು ಎರಡು ಸಂಸಾರಗಳು ಒಂದೇ ಒಲೆಯಲ್ಲಿ ಬೇಯಿಸಿಕೊಂಡವಂತೆ. ಹೊರಡುವ ದಿನ ಆ ಮನೆಯಾಕೆ ಹಿತ್ತಲಿನ ಬಾವಿಯ ಹಗ್ಗ ಎಲ್ಲಿ ಜಾರುತ್ತದೆ ಎಂಬುದನ್ನು ಅಜ್ಜಿಗೆ ತೋರಿಸಿಕೊಟ್ಟು ಹೋದರಂತೆ. 'ಆ ಬಾವಿ ಈಗಲೂ ಇದೆ' ಎಂದರು. 'ಅವರ ಮೊಮ್ಮಕ್ಕಳು ಗ್ರೀಸಿನಿಂದ ಬಂದಿದ್ದರು. ಅವರು ಆಡುವ ಟರ್ಕಿಶ್ ನನ್ನ ಅಜ್ಜನ ಕಾಲದ ಟರ್ಕಿಶ್. ನಮ್ಮ ಮಕ್ಕಳು ಮರೆತ ಮಾತುಗಳು ಅವರ ಬಾಯಲ್ಲಿವೆ.'

ಈ ಮಾತಿನ ಹಿಂದೊಂದು ಕಾರಣವಿದೆ. 1932ರಿಂದ ಟರ್ಕಿ ತನ್ನ ಭಾಷೆಯಿಂದ ಅರಬ್ಬಿ, ಪಾರಸಿ ಪದಗಳನ್ನು ಕಿತ್ತು ಹೊಸ ಪದ ನೆಟ್ಟಿತು. ಆಗ ಗೆಲ್ವೆರಿಯವರು ಗಡಿಯಾಚೆ ಇದ್ದರು. ದೇಶ ತನ್ನ ಭಾಷೆಯನ್ನು ಬದಲಿಸಿಕೊಂಡಾಗ ಹಳೆಯ ಮಾತು ಉಳಿದದ್ದು ದೇಶ ಹೊರಗೆ ಕಳಿಸಿದವರ ನಾಲಿಗೆಯ ಮೇಲೆ.

ಆ ಕಾಲದಲ್ಲಿ ಪಾಪಾ ಎಫ್ತಿಮ್ ಎಂಬ ಪಾದ್ರಿ, ಅನಾತೋಲಿಯಾದ, ಅಂದರೆ ಟರ್ಕಿಯ ಏಷ್ಯಾ ಭಾಗದ, ಟರ್ಕಿಶ್ ಮಾತಿನ ಆರ್ಥಡಾಕ್ಸರು ಟರ್ಕರೇ ಎಂದು ಸಾರಿ, ಟರ್ಕಿಯ ಹೊಸ ಅಂಕಾರಾ ಸರ್ಕಾರದ ಪರ ನಿಂತು, 1922ರಲ್ಲಿ ಕೈಸೇರಿಯಲ್ಲಿ ಟರ್ಕಿಶ್ ಆರ್ಥಡಾಕ್ಸ್ ಚರ್ಚನ್ನೇ ಕಟ್ಟಿದರು. ವಿನಿಮಯದಿಂದ ವಿನಾಯಿತಿ ಸಿಕ್ಕಿದ್ದು ಅವರಿಗೂ ಅವರ ಕುಟುಂಬಕ್ಕೂ. ಅವರ ಹಿಂದೆ ನಿಂತ ಜನರೆಲ್ಲ ಹೋದರು. ಭಾಷೆ ಇತ್ತು, ನಿಷ್ಠೆ ಇತ್ತು, ಪಾದ್ರಿಯ ಘೋಷಣೆಯೂ ಇತ್ತು. ಪಟ್ಟಿ ಬರೆದವರು ನೋಡಿದ್ದು ಧರ್ಮವನ್ನು.

ನಾಲ್ಕನೆಯ ದಿನ

ದಾರಿಯಲ್ಲೇ ಕಳೆಯಿತು. ಇಜ್ಮಿರ್ ತನಕದ ಬಸ್ಸಿನಲ್ಲಿ ಟಿಪ್ಪಣಿ ತಿದ್ದಿಕೊಂಡೆ: ಖಲೀಫಾ ಪದವಿಯನ್ನು ರದ್ದು ಮಾಡಿದ್ದು 1924ರ ಮಾರ್ಚ್ 3ರಂದು, ಮಸೀದಿಗಳನ್ನೂ ಇಮಾಮರನ್ನೂ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹುಟ್ಟಿದ್ದೂ ಅದೇ ದಿನ. ಆ ವರ್ಷದ ಸಂವಿಧಾನ ರಾಜ್ಯದ ಧರ್ಮ ಇಸ್ಲಾಂ ಎಂದಿತು. 1928ರಲ್ಲಿ ಆ ಸಾಲನ್ನು ತೆಗೆದರು, 1937ರಲ್ಲಿ ಧರ್ಮನಿರಪೇಕ್ಷತೆಯನ್ನು ಸೇರಿಸಿದರು. ಇಮಾಮರ ಸಂಬಳ ಇವತ್ತಿಗೂ ಸರ್ಕಾರದ್ದೇ.

ಐದು ಮತ್ತು ಆರನೆಯ ದಿನ, ಆಯ್ವಾಲಿಕ್

ಸಮುದ್ರದಂಡೆಯ ಈ ಊರು 1922ರ ತನಕ ಹೆಚ್ಚುಕಡಿಮೆ ಪೂರ್ತಿ ಗ್ರೀಕರದ್ದು. ಗಡಿಯಾರದ ಮಸೀದಿ ಮೊದಲು ಸಂತ ಯೋಹಾನನ ಚರ್ಚು, ಚಿನಾರ್ಲಿ ಮಸೀದಿ ಸಂತ ಜಾರ್ಜನದು. ಕಿರಿದಾದ ಓಣಿಗಳಲ್ಲಿ ಕಲ್ಲಿನ ಮನೆಗಳು, ಬಾಗಿಲ ಮೇಲೆ ಗ್ರೀಕ್ ಅಕ್ಷರದಲ್ಲಿ ಕಟ್ಟಿಸಿದ ವರ್ಷ. ಇಲ್ಲಿಗೆ ತಂದು ನೆಲೆಗೊಳಿಸಿದವರಲ್ಲಿ ಗ್ರೀಸಿನ ಲೆಸ್ಬೋಸ್ ದ್ವೀಪದ ಮುಸ್ಲಿಮರಿದ್ದರು, ಕ್ರೀಟ್ ದ್ವೀಪದ ಮುಸ್ಲಿಮರಿದ್ದರು. ಕ್ರೀಟ್‌ನವರ ಮನೆಮಾತು ಗ್ರೀಕ್. ನಮಾಜು ಅರಬ್ಬಿಯಲ್ಲಿ, ಜೋಗುಳ ಗ್ರೀಕಿನಲ್ಲಿ.

ಎದುರಿನ ಜುಂದಾ ದ್ವೀಪಕ್ಕೆ ಈಗ ರಸ್ತೆ ಇದೆ. ನಾವು ಉಳಿದುಕೊಂಡ ಮನೆಯ ಒಡತಿಗೆ ಎಂಬತ್ತರ ಹತ್ತಿರ ವಯಸ್ಸು, ಅಪ್ಪ ಅಮ್ಮ ಇಬ್ಬರೂ ಕ್ರೀಟ್‌ನಿಂದ ಬಂದವರ ಮಕ್ಕಳು. ಅವರು ನನ್ನ ಮಗಳನ್ನು ಮೊದಲ ಸಲ ನೋಡಿದಾಗಿನಿಂದ 'ಎವ್ಲಾದಿಮ್' ಎಂದೇ ಕರೆದರು, ನನ್ನ ಮಗು ಎಂದರ್ಥ. ಆರನೆಯ ದಿನದ ಸಂಜೆ ಅಂಗಳದಲ್ಲಿ ಹುರುಳಿಕಾಯಿ ಬಿಡಿಸುತ್ತ ಕುಳಿತೆವು. ಕೈಗೆ ಕೆಲಸ ಸಿಕ್ಕ ಮೇಲೆ ಮಾತು ಸಲೀಸಾಯಿತು.

'ನನ್ನ ಅಜ್ಜಿಗೆ ಸಾಯುವ ತನಕ ಟರ್ಕಿಶ್ ಸರಿಯಾಗಿ ಬರಲಿಲ್ಲ' ಎಂದರು. 'ಸಂತೆಗೆ ಹೋದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಬೇಕಾದ ತರಕಾರಿಗೆ ಬೆರಳು ತೋರಿಸುತ್ತಿದ್ದಳು.' 1928ರಲ್ಲಿ 'ನಾಗರಿಕನೇ, ಟರ್ಕಿಶ್ ಮಾತನಾಡು' ಎಂಬ ಚಳವಳಿ ಶುರುವಾಗಿ ಬೇರೆ ಭಾಷೆ ಬೀದಿಯಲ್ಲಿ ಕೇಳಿಸಿದರೆ ಜನ ಗದರುವ ಕಾಲ ಬಂತು. ಕ್ರೀಟ್‌ನವರಿಗೆ 'ಅರ್ಧ ಕಾಫಿರರು' ಎಂಬ ಬೈಗುಳವಿತ್ತು. ಕಡಲಿನ ಆಚೆ ಗ್ರೀಸಿನಲ್ಲಿ, ಅನಾತೋಲಿಯಾದಿಂದ ಹೋದ ಕ್ರೈಸ್ತರಿಗೆ 'ಟರ್ಕರ ಬೀಜ' ಎಂಬ ಬೈಗುಳವಿತ್ತು. ಧರ್ಮ ಒಂದೇ ಎಂದು ಕರೆಸಿಕೊಂಡವರು, ಬಂದ ಮೇಲೆ ಭಾಷೆ ಬೇರೆ ಎಂದು ದೂರ ಇಟ್ಟರು. ಈ ಅನ್ಯಾಯದ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಕಳಿಸುವಾಗ ಕೇಳದ ಪ್ರಶ್ನೆಯನ್ನು ಬಂದವರ ಕೊರಳಿಗೆ ಕಟ್ಟಿದರು.

'ಅಜ್ಜಿ, ನಿಮಗೆ ಆ ಭಾಷೆ ಬರುತ್ತದೆಯೇ?' ಎಂದು ಮಗಳು ಕೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಓಣಿಯ ಕಡೆಗೆ ಒಮ್ಮೆ ನೋಡಿ, ದನಿ ತಗ್ಗಿಸಿ ನಾಲ್ಕು ಸಾಲು ಹಾಡಿದರು. ಗದರುವವರು ಯಾರೂ ಈಗ ಇಲ್ಲ. ದನಿ ಮಾತ್ರ ತಾನಾಗಿ ತಗ್ಗಿತು. ಮಗಳು ಆ ರಾತ್ರಿ ಬರೆದ ಸಾಲು: 'ಕ್ರೀಟ್‌ನವರು, ಮನೆಮಾತು ಗ್ರೀಕ್, ಮೆಲ್ಲಗೆ.'

ಏಳನೆಯ ದಿನ, ಲೆಸ್ಬೋಸ್

ಹಡಗಿನಲ್ಲಿ ಒಂದೂವರೆ ಗಂಟೆ. ದ್ವೀಪದ ಮುಖ್ಯ ಪಟ್ಟಣ ಮಿತಿಲಿನಿಯ ಹಳೆಯ ಬಡಾವಣೆಯಲ್ಲಿ ಸೂರಿಲ್ಲದ ಮಸೀದಿ, ದಂಡೆಯ ಮೇಲೆ ಮಕ್ಕಳನ್ನು ಹಿಡಿದು ನಿಂತ ನಿರಾಶ್ರಿತ ತಾಯಿಯ ಪ್ರತಿಮೆ. ಆ ಕಡೆ ಮಸೀದಿಯಾದ ಚರ್ಚುಗಳು, ಈ ಕಡೆ ಪಾಳುಬಿದ್ದ ಮಸೀದಿ.

ರಾತ್ರಿ ಉತ್ತರ ಗ್ರೀಸಿನ ಕವಾಲಾಕ್ಕೆ ಹೋಗುವ ಹಡಗಿನಲ್ಲಿ ನಿದ್ದೆ ಬಾರದೆ ಮಗಳಿಗೆ ಗ್ರೀಸಿನ ಮಾತು ಹೇಳಿದೆ. ಇಲ್ಲಿನ ಸಂವಿಧಾನ ಪವಿತ್ರ ತ್ರಯೈಕ್ಯದ ಹೆಸರಿನಿಂದ ಶುರುವಾಗುತ್ತದೆ. ಅದರ ಮೂರನೆಯ ವಿಧಿ ಆರ್ಥಡಾಕ್ಸ್ ಧರ್ಮವನ್ನು ದೇಶದ ಪ್ರಧಾನ ಧರ್ಮ ಎನ್ನುತ್ತದೆ. ಪಾದ್ರಿಗಳ ಸಂಬಳ ಸರ್ಕಾರದ್ದು. 2000ನೇ ಇಸವಿಯಲ್ಲಿ ಗುರುತಿನ ಚೀಟಿಯಿಂದ ಧರ್ಮದ ಕಲಮನ್ನು ತೆಗೆದಾಗ ಆರ್ಚ್‌ಬಿಷಪ್ ಕ್ರಿಸ್ತೊದುಲೋಸ್ ಮುಂದೆ ನಿಂತು ಭಾರಿ ಸಭೆಗಳನ್ನು ನಡೆಸಿದರು, ಚರ್ಚು ಲಕ್ಷಗಟ್ಟಲೆ ಸಹಿ ಸಂಗ್ರಹಿಸಿತು. ಸರ್ಕಾರ ಹಿಂದೆ ಸರಿಯಲಿಲ್ಲ. ಚೀಟಿಯಲ್ಲಿ ಬರೆಯದಿದ್ದರೆ ಯಾರ ನಂಬಿಕೆಯೂ ಸವೆಯುವುದಿಲ್ಲ. ಬರೆದರೆ ಮಾತ್ರ, ಬೇರೆ ನಂಬಿಕೆಯವನು ಪ್ರತಿ ಕೌಂಟರಿನಲ್ಲೂ ತಾನು ಬೇರೆ ಎಂದು ತೋರಿಸಿಕೊಳ್ಳಬೇಕಾಗುತ್ತದೆ.

ಎಂಟನೆಯ ದಿನ, ನೇಯಾ ಕರ್ವಾಲಿ ಮತ್ತು ಕ್ಸಾಂತಿ

ಕವಾಲಾದಿಂದ ಸ್ವಲ್ಪವೇ ದೂರದಲ್ಲಿ ನೇಯಾ ಕರ್ವಾಲಿ, ಅಂದರೆ ಹೊಸ ಕರ್ವಾಲಿ. ಐದು ದಿನದ ಹಿಂದೆ ನಾವು ಚಹಾ ಕುಡಿದ ಗೆಲ್ವೆರಿಯಿಂದ ಬಂದವರು ಕಟ್ಟಿದ ಊರು. ಬರುವಾಗ ಸಂತ ಗ್ರೆಗೊರಿಯ ಅವಶೇಷಗಳನ್ನು ಹೊತ್ತು ತಂದರು, ಈಗಿನ ಚರ್ಚಿನಲ್ಲಿ ಅವು ಇವೆ.

ಚರ್ಚಿನ ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಮುದುಕರೊಬ್ಬರಿಗೆ ಮಗಳು ಮೊಬೈಲಿನಲ್ಲಿ ಗ್ಯುಜೆಲ್ಯುರ್ತ್‌ನ ಚಿತ್ರಗಳನ್ನು ತೋರಿಸಿದಳು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು. ಮಿನಾರಿನ ಚಿತ್ರದ ಮೇಲೆ ಬೆರಳಿಟ್ಟು, ನಾವು ಗ್ರೀಕ್ ಬಲ್ಲವರಲ್ಲ ಎಂದು ತಿಳಿದು, ಟರ್ಕಿಶ್‌ನಲ್ಲಿ ನಾಲ್ಕು ಪದ ಹೇಳಿದರು: 'ಮೆಮ್ಲೆಕೆತ್ ಗೆಲ್ವೆರಿ, ವತನ್ ಯುನಾನಿಸ್ತಾನ್.' ನನಗೆ ಅನುವಾದ ಬೇಕಾಗಲಿಲ್ಲ. ವತನ ನಮ್ಮ ಭಾಷೆಗೂ ಬಂದ ಪದ, ವಂಶಪಾರಂಪರ್ಯವಾಗಿ ಬಂದ ಭೂಮಿಗೆ ಹೇಳುವ ಮಾತು, ಟರ್ಕಿಶ್‌ನಲ್ಲಿ ದೇಶ. ಮೆಮ್ಲೆಕೆತ್ ಎಂದರೆ ಊರು, ಮೂಲ. ಊರು ಗೆಲ್ವೆರಿ, ದೇಶ ಗ್ರೀಸ್. ಅವರು ಹುಟ್ಟಿದ್ದು ಇಲ್ಲೇ, ಗೆಲ್ವೆರಿಯನ್ನು ಕಣ್ಣಾರೆ ಕಂಡವರೂ ಅಲ್ಲ. ಆದರೂ ಎರಡಕ್ಕೆ ಎರಡು ಪದ ಇಟ್ಟುಕೊಂಡಿದ್ದರು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಬಾವಿಯ ಹಗ್ಗದ ಕಥೆ ಹೇಳಿದೆವು. ಅವರು ತಲೆ ತಗ್ಗಿಸಿ ಬಹಳ ಹೊತ್ತು ಕುಳಿತರು.

ಮಧ್ಯಾಹ್ನ ಕ್ಸಾಂತಿ. ಈ ಊರು ಇರುವ ಪಶ್ಚಿಮ ಥ್ರೇಸ್ ಪ್ರದೇಶದ ಮುಸ್ಲಿಮರಿಗೂ ಇಸ್ತಾಂಬುಲಿನ ಆರ್ಥಡಾಕ್ಸರಿಗೂ ಕರಾರು ವಿನಾಯಿತಿ ಕೊಟ್ಟಿತ್ತು. ಇಸ್ತಾಂಬುಲಿನಲ್ಲಿ ಆಗ ಲಕ್ಷದಷ್ಟಿದ್ದವರು, 1955ರ ಸೆಪ್ಟೆಂಬರಿನ ಗಲಭೆ ಮತ್ತು 1964ರ ಗಡೀಪಾರುಗಳ ನಂತರ ಕರಗುತ್ತ ಈಗ ಕೆಲವೇ ಸಾವಿರ. ಇಲ್ಲಿನವರು ಉಳಿದಿದ್ದಾರೆ. ಆದರೆ ಏನೆಂದು ಉಳಿದಿದ್ದಾರೆ? ಸರ್ಕಾರಕ್ಕೆ ಅವರು ಮುಸ್ಲಿಂ ಅಲ್ಪಸಂಖ್ಯಾತರು. ಅವರಲ್ಲಿ ಅನೇಕರು ತಮ್ಮನ್ನು ಟರ್ಕರು ಎನ್ನುತ್ತಾರೆ. ಹೆಸರಿನಲ್ಲಿ ಟರ್ಕಿಶ್ ಎಂದಿದ್ದ ಸಂಘವನ್ನು ನ್ಯಾಯಾಲಯ ವಿಸರ್ಜಿಸಿತು, 2008ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಗ್ರೀಸಿನ ವಿರುದ್ಧ ತೀರ್ಪು ಕೊಟ್ಟಿತು. ಬೆಟ್ಟದ ಮೇಲಿನ ಪೊಮಾಕ ಮುಸ್ಲಿಮರ ಮಾತು ಬಲ್ಗೇರಿಯನ್ನಿಗೆ ಹತ್ತಿರದ್ದು. 2018ರ ತನಕ ಇವರ ಮದುವೆ, ಆಸ್ತಿಯ ವ್ಯಾಜ್ಯಗಳು ಮುಫ್ತಿಯ ಮುಂದೆ ಷರಿಯಾದಂತೆ ನಡೆಯುತ್ತಿದ್ದವು. ಆ ವರ್ಷ ಅದು ಐಚ್ಛಿಕವಾಯಿತು. ಯುರೋಪಿನ ಒಕ್ಕೂಟದ ಒಳಗಿನ ಒಂದು ಪಟ್ಟಣದಲ್ಲಿ ಹೆಣ್ಣುಮಗಳ ಆಸ್ತಿಯ ಪಾಲನ್ನು ಅವಳ ಪೌರತ್ವಕ್ಕಿಂತ ಅವಳ ಧರ್ಮ ನಿರ್ಧರಿಸುವ ಕಾಲ ಅಷ್ಟು ಇತ್ತೀಚಿನ ತನಕ ಇತ್ತು.

ಒಂಬತ್ತನೆಯ ದಿನ, ಥೆಸಲೋನಿಕಿ

ಬೆಳಗ್ಗೆ, 1881ರಲ್ಲಿ ಮುಸ್ತಫಾ ಕೆಮಾಲ್ ಹುಟ್ಟಿದ ಮನೆ. ಟರ್ಕಿಯ ರಾಷ್ಟ್ರಪಿತನ ಊರು ಇಂದು ಗ್ರೀಸಿನಲ್ಲಿದೆ. ಆಮೇಲೆ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದೆವು. ಅದರ ಅಡಿಯಲ್ಲಿದ್ದದ್ದು ಯಹೂದಿಗಳ ದೊಡ್ಡ ರುದ್ರಭೂಮಿ. 1943ರಲ್ಲಿ ನಾಜಿಗಳು ಈ ನಗರದಿಂದ 45,000ಕ್ಕೂ ಹೆಚ್ಚು ಯಹೂದಿಗಳನ್ನು ರೈಲಿನಲ್ಲಿ ಆಷ್ವಿಟ್ಸ್‌ನ ಸಾವಿನ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಮಾತನಾಡಲು ನಮ್ಮಿಬ್ಬರಿಗೂ ಆಗಲಿಲ್ಲ.

ಕೊನೆಗೆ ಯೇನಿ ಜಾಮಿ, ಹೊಸ ಮಸೀದಿ. ಇಟಲಿಯ ವಾಸ್ತುಶಿಲ್ಪಿ ವಿತಾಲಿಯಾನೊ ಪೊಸೆಲ್ಲಿ 1902ರಲ್ಲಿ ಕಟ್ಟಿದ್ದು. ಕಟ್ಟಿಸಿದವರು ದೊನ್ಮೆಗಳು. 1666ರಲ್ಲಿ ತಾನೇ ಮೆಸ್ಸೀಯ, ಯಹೂದಿಗಳು ಕಾಯುತ್ತಿದ್ದ ಉದ್ಧಾರಕ, ಎಂದು ಸಾರಿಕೊಂಡಿದ್ದ ಸಬ್ಬತಾಯ್ ಝ್ವಿ ಸುಲ್ತಾನನ ಮುಂದೆ ಇಸ್ಲಾಮಿಗೆ ಸೇರಿದಾಗ ಅವನ ಹಿಂದೆ ಸೇರಿದ ಯಹೂದಿ ಕುಟುಂಬಗಳ ವಂಶದವರು. ಹೊರಗೆ ಮುಸ್ಲಿಮರು, ಒಳಗೆ ತಮ್ಮದೇ ಆಚರಣೆ, ಮದುವೆ ತಮ್ಮ ತಮ್ಮಲ್ಲೇ. ಮಸೀದಿಯ ಅಲಂಕಾರದಲ್ಲಿ ಯಹೂದಿಗಳ ಗುರುತಾದ ಆರು ಮೂಲೆಯ ನಕ್ಷತ್ರಗಳಿವೆ. ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡು, ಮಿಹ್ರಾಬ್, ಮೆಕ್ಕಾದ ಕಡೆಗೇ ಇದೆ.

1923ರಲ್ಲಿ ಇವರನ್ನು ಎಲ್ಲಿಗೆ ಹಾಕಬೇಕು ಎಂಬ ಪ್ರಶ್ನೆ ಬಂತು. ಕಾಗದದಲ್ಲಿ ಮುಸ್ಲಿಮರು, ಆದ್ದರಿಂದ ಟರ್ಕಿಗೆ. ಖಾಲಿಯಾದ ಮಸೀದಿಯಲ್ಲಿ ಅನಾತೋಲಿಯಾದಿಂದ ಬಂದ ಕ್ರೈಸ್ತ ನಿರಾಶ್ರಿತರು ಕೆಲಕಾಲ ತಂಗಿದರು, ನಂತರ ಅದು ವಸ್ತುಸಂಗ್ರಹಾಲಯವಾಯಿತು. ಇಷ್ಟಕ್ಕೇ ಕಥೆ ಮುಗಿಯಲಿಲ್ಲ. 1942ರಲ್ಲಿ ಟರ್ಕಿ ಸಂಪತ್ತಿನ ತೆರಿಗೆ ಹಾಕಿದಾಗ ಅಧಿಕಾರಿಗಳು ಗುಟ್ಟಾಗಿ ಪಟ್ಟಿಗಳನ್ನು ಬೇರೆ ಮಾಡಿದರು: ಮುಸ್ಲಿಮರಿಗೆ ಒಂದು, ಮುಸ್ಲಿಮೇತರರಿಗೆ ಒಂದು, ವಿದೇಶಿಯರಿಗೆ ಒಂದು, ದೊನ್ಮೆಗಳಿಗೆ ಇನ್ನೊಂದು. ದೊನ್ಮೆಗಳಿಗೆ ಬಿದ್ದದ್ದು ಮುಸ್ಲಿಮರ ಎರಡರಷ್ಟು. ಮುಸ್ಲಿಮರೆಂದು ಒಂದು ದೇಶ ಹೊರಗೆ ಕಳಿಸಿದವರನ್ನು, ಬರಮಾಡಿಕೊಂಡ ದೇಶ ಇಪ್ಪತ್ತೇ ವರ್ಷದಲ್ಲಿ ಪೂರ್ತಿ ಮುಸ್ಲಿಮರಲ್ಲ ಎಂದಿತು.

ಸುಮಾರು ನೂರು ವರ್ಷ ಇಲ್ಲಿ ಹಬ್ಬದ ನಮಾಜು ಇರಲಿಲ್ಲ. 2024ರ ಏಪ್ರಿಲಿನಲ್ಲಿ ರಂಜಾನ್ ಹಬ್ಬದ ದಿನ ಬಾಗಿಲು ತೆರೆದು ಊರಿನ ಮುಸ್ಲಿಮರಿಗೆ ಪ್ರಾರ್ಥನೆಗೆ ಅವಕಾಶ ಕೊಟ್ಟರು. ನಾವು ಹೋದಾಗ ಒಳಗೆ ಯಾರೂ ಇರಲಿಲ್ಲ. ಮಗಳು ತಲೆ ಎತ್ತಿ ನಕ್ಷತ್ರಗಳನ್ನು ನೋಡುತ್ತ ತಿರುಗಿದಳು. ಹೊರಗೆ ಮೆಟ್ಟಿಲ ಮೇಲೆ ಕುಳಿತು ನೋಟುಪುಸ್ತಕ ತೆರೆದಳು.

'ಅಮ್ಮ, ಇವರು ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು?'

'ಮೊದಲು ಸ್ಪೇನಿನಿಂದ ಬಂದ ಯಹೂದಿಗಳ ಲಾದಿನೊ, ಆಮೇಲೆ ಟರ್ಕಿಶ್' ಎಂದೆ.

ಅವಳು ಎರಡನ್ನೂ ಬರೆದುಕೊಂಡಳು.